ಆಕಾಶಯುದ್ಧದ ಸಿಮ್ಯುಲೇಟರಿನಲ್ಲಿ ಸಾಮೂಹಿಕ ಕಾರ್ಯಾಚರಣೆ: ಸಾಕ್ಷ್ಯದ ದೃಷ್ಟಿಯಿಂದ ಒಂದು ಪರಾಮರ್ಶೆ

ಇತಿಹಾಸದ ಅಧ್ಯಾಪಕನೊಬ್ಬನು ಕಂಪ್ಯೂಟರಿನ ಆಟವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಈ ಸಂಚಿಕೆಯ ವಾಚಕರಲ್ಲಿ ಕೆಲವರಿಗಾದರೂ ಸೋಜಿಗವನ್ನುಂಟುಮಾಡಬಹುದು. ಶಾಸನ, ಬಖೈರು, ಕೈಫಿಯತ್ತುಗಳ ನಡುವೆ ಇದಕ್ಕೇನು ಕೆಲಸವೆಂದು ಕೇಳಿದರೆ ಅದು ತಪ್ಪಲ್ಲ. ಆದರೆ ನಮ್ಮ ಕಾಲೇಜುಗಳಿಗೆ ಬರುವ ತರುಣರಲ್ಲಿ ಅನೇಕರು ಯುದ್ಧವೆಂದರೇನೆಂಬ ಮೊದಲ ಕಲ್ಪನೆಯನ್ನು ಪಡೆಯುತ್ತಿರುವುದು ಇಂಥ ಆಟಗಳಿಂದ. ಅವರು ತರಗತಿಗೆ ಬಂದು ಕೂರುವ ಹೊತ್ತಿಗೆ ಆ ಕಲ್ಪನೆ ಗಟ್ಟಿಗೊಂಡಿರುತ್ತದೆ. ಆದುದರಿಂದ ಈ ಆಟಗಳು ಯುದ್ಧದ ವಿಷಯವಾಗಿ ಏನನ್ನು ತಿಳಿಸುತ್ತವೆ, ಏನನ್ನು ಮರೆಸುತ್ತವೆ ಎಂಬುದನ್ನು ವಿಚಾರಿಸುವುದು ನಮ್ಮ ಕೆಲಸವೇ ಆಗಿದೆ. ಪ್ರಸ್ತುತ ಲೇಖನದಲ್ಲಿ ಆಕಾಶಯುದ್ಧದ ಸಿಮ್ಯುಲೇಟರುಗಳನ್ನೂ, ಅವುಗಳಲ್ಲಿಯೂ ಹಲವರು ಒಂದುಗೂಡಿ ನಡೆಸುವ ಕಾರ್ಯಾಚರಣೆಗಳನ್ನೂ ಮಾತ್ರ ಪರಿಶೀಲಿಸಲಾಗಿದೆ.

ವಿಮಾನ ನಡೆಸುವ ಕಲೆಯನ್ನು ನೆಲದ ಮೇಲೆಯೇ ಕಲಿಸುವ ಯಂತ್ರಗಳು ಹೊಸವಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು 1929ರಲ್ಲಿ ಇಂಥದೊಂದು ಯಂತ್ರವನ್ನು ರೂಪಿಸಿದನು. ಅವನ ತಂದೆಯದು ಆರ್ಗನ್ ವಾದ್ಯಗಳ ಉದ್ಯಮ. ಆ ವಾದ್ಯದ ತಿದಿಗಳನ್ನೇ ಮಗನು ವಿಮಾನದ ಏರಿಳಿತವನ್ನು ಅನುಕರಿಸಲು ಬಳಸಿಕೊಂಡನೆಂಬುದು ಸ್ವಾರಸ್ಯವಾದ ಸಂಗತಿ. ಬೇರೆ ಬೇರೆ ಊರಿನ ಆಟಗಾರರು ದೂರವಾಣಿಯ ತಂತಿಯ ಮೂಲಕ ಒಂದೇ ಆಕಾಶದಲ್ಲಿ ಸೇರಿದುದು 1988ರ ‘ಏರ್ ವಾರಿಯರ್’ ಎಂಬ ಆಟದ ಕಾಲಕ್ಕೆ. ಎರಡನೆಯ ಮಹಾಯುದ್ಧದ ಪೂರ್ವರಂಗವನ್ನು ವಸ್ತುವಾಗುಳ್ಳ ‘ಐಎಲ್-2 ಸ್ಟುರ್ಮೊವಿಕ್’ 2001ರಲ್ಲಿ ಬಂದಿತು. ಇಂದು ಬಹುವಾಗಿ ಬಳಕೆಯಲ್ಲಿರುವ ‘ಡಿಸಿಎಸ್’ ಎಂಬ ಮಾಲೆಯು 2008ರಲ್ಲಿ ಪ್ರಾರಂಭವಾಗಿ, 2012ರಲ್ಲಿ ‘ಡಿಸಿಎಸ್ ವರ್ಲ್ಡ್’ ಎಂಬ ಏಕರೂಪವನ್ನು ಪಡೆಯಿತು. ಇವುಗಳನ್ನು ಗುಂಡಿ ಒತ್ತಿ ಗುಂಡು ಹಾರಿಸುವ ಸಾಮಾನ್ಯ ಆಟಗಳ ಜೊತೆಗೆ ಎಣಿಸಬಾರದು. ಎಂಜಿನನ್ನು ಚಾಲೂ ಮಾಡುವುದಕ್ಕೇ ಇಲ್ಲಿ ಹತ್ತಾರು ಸ್ವಿಚ್ಚುಗಳನ್ನು ಕ್ರಮವಾಗಿ ಹಾಕಬೇಕು. ಇಂಧನ ತೀರಿದರೆ ವಿಮಾನ ಬೀಳುತ್ತದೆ. ಅವಸರದಲ್ಲಿ ತಿರುಗಿಸಿದರೆ ಕಣ್ಣು ಕತ್ತಲಿಡುತ್ತದೆ.

ಸಾಮೂಹಿಕ ಕಾರ್ಯಾಚರಣೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗಿದೆ. ಒಬ್ಬನು ಕಾರ್ಯಾಚರಣೆಯನ್ನು ರಚಿಸುತ್ತಾನೆ: ಯಾವ ನೆಲೆಯಿಂದ ಹೊರಡಬೇಕು, ಯಾವ ಯಾವ ತಿರುವುಗಳಲ್ಲಿ ದಿಕ್ಕು ಬದಲಿಸಬೇಕು, ಗುರಿ ಯಾವುದು, ಎದುರಾಳಿ ಎಲ್ಲಿರುವನು ಎಂಬಿವನ್ನು ನಕ್ಷೆಯ ಮೇಲೆ ಗೊತ್ತುಮಾಡುತ್ತಾನೆ. ಹೊರಡುವ ಮುನ್ನ ಎಲ್ಲರೂ ಸೇರಿ ಅದನ್ನು ಕೇಳಿಕೊಳ್ಳುತ್ತಾರೆ. ನಾಲ್ವರ ಗುಂಪಾದರೆ ಒಬ್ಬನು ನಾಯಕ. ಅವನ ಪಕ್ಕ ಕಾಯುವವನು ಎರಡನೆಯವನು. ಉಳಿದ ಇಬ್ಬರು ಇನ್ನೊಂದು ಜೋಡಿ. ನಾಯಕನು ದಾರಿಯನ್ನು ನೋಡಬೇಕು, ಮಿಕ್ಕವರು ನಾಯಕನನ್ನು ನೋಡಬೇಕು. ಈ ಎರಡನೆಯ ಮಾತು ಹೇಳುವಷ್ಟು ಸುಲಭವಲ್ಲ. ಬೀದರದ ವಾಯುಸೇನಾ ನೆಲೆಯಲ್ಲಿ 1996ರಲ್ಲಿ ಸ್ಥಾಪಿತವಾದ ಸೂರ್ಯಕಿರಣ ತಂಡದ ಒಂಬತ್ತು ವಿಮಾನಗಳು ಒಂದೇ ಹಾಳೆಯ ಮೇಲೆ ಬರೆದ ಚಿತ್ರದಂತೆ ಹಾರುವುದನ್ನು ನಮ್ಮ ಭಾಗದ ಅನೇಕರು ಕಂಡಿದ್ದಾರೆ. ಪಕ್ಕದ ವಿಮಾನದಿಂದ ಕಣ್ಣು ಕೀಳದೆ ಹಾರುವ ಆ ಶಿಸ್ತು ಎಂಥದೆಂಬುದರ ಸಣ್ಣ ಅಂದಾಜು ಸಿಮ್ಯುಲೇಟರಿನ ಮುಂದೆ ಹತ್ತು ನಿಮಿಷ ಕುಳಿತವನಿಗೆ ದೊರೆಯುತ್ತದೆ. ಪ್ರಸ್ತುತ ಲೇಖಕನು ಕುಳಿತು ನೋಡಿದ್ದುಂಟು; ಎರಡೇ ನಿಮಿಷಗಳಲ್ಲಿ ನಾಯಕನ ವಿಮಾನಕ್ಕೆ ಡಿಕ್ಕಿ ಹೊಡೆದು ವಿದ್ಯಾರ್ಥಿಗಳ ನಗೆಗೆ ಪಾತ್ರನಾದನು.

ಈ ಆಟದ ನಿಜವಾದ ಗುಣವು ಅದರ ಚಿತ್ರಗಳ ಸೊಬಗಿನಲ್ಲಾಗಲಿ ಯಂತ್ರವಿವರಗಳ ನಿಖರತೆಯಲ್ಲಾಗಲಿ ಇಲ್ಲವೆಂದು ನಾವು ಭಾವಿಸುತ್ತೇವೆ. ಅದಿರುವುದು, ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಸಣ್ಣ ಏರ್ಪಾಟಿನಲ್ಲಿ. ಡಿಸಿಎಸ್‌ನಲ್ಲಿ ಎಫ್10 ಎಂಬ ಕೀಲಿಯನ್ನು ಒತ್ತಿದರೆ ಇಡೀ ಪ್ರದೇಶದ ನಕ್ಷೆ ತೆರೆದುಕೊಳ್ಳುತ್ತದೆ. ಆ ನಕ್ಷೆಯಲ್ಲಿ ಏನೇನು ಕಾಣಬೇಕೆಂಬುದನ್ನು ಕಾರ್ಯಾಚರಣೆಯನ್ನು ರಚಿಸುವವನು ನಿರ್ಧರಿಸಬಹುದು. ಎರಡೂ ಪಕ್ಷದವರೆಲ್ಲರನ್ನೂ ತೋರಿಸಬಹುದು. ತನ್ನವರನ್ನೂ, ತನ್ನವರ ಕಣ್ಣಿಗೆ ಬಿದ್ದ ಶತ್ರುಗಳನ್ನೂ ಮಾತ್ರ ತೋರಿಸಬಹುದು. ತನ್ನೊಂದು ವಿಮಾನವನ್ನು ಮಾತ್ರ ತೋರಿಸಬಹುದು. ಅಥವಾ ಬರಿಯ ನೆಲವನ್ನು ಬಿಟ್ಟು ಯಾವುದನ್ನೂ ತೋರಿಸದಿರಬಹುದು. ವಿಮಾನದ ಮೇಲೆ ಹೆಸರೂ ದೂರವೂ ತೇಲುವ ಚೀಟಿಗಳನ್ನು ಹೀಗೆಯೇ ತೆಗೆದುಹಾಕಬಹುದು. ಬಿದ್ದವರ ಹೆಸರು ಪರದೆಯ ಮೇಲೆ ತಾನಾಗಿ ಮೂಡುವುದನ್ನೂ ನಿಲ್ಲಿಸಬಹುದು. ಆಟಗಾರರಿಗೆ ಇವು ಕಷ್ಟವನ್ನು ಹೆಚ್ಚುಕಡಿಮೆ ಮಾಡುವ ಉಪಾಯಗಳು. ಇತಿಹಾಸದ ವಿದ್ಯಾರ್ಥಿಗಾದರೋ ಇವು ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತವೆ: ಯಾರಿಗೆ, ಯಾವ ಹೊತ್ತಿಗೆ, ಏನು ತಿಳಿದಿದ್ದಿತು? ಯುದ್ಧದ ಯಾವ ವೃತ್ತಾಂತವನ್ನು ಓದುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಈ ಪ್ರಶ್ನೆಯ ಮಹತ್ವವನ್ನು ಕನ್ನಡನಾಡಿನವರೇ ಆದ ಒಬ್ಬ ವೀರರ ವೃತ್ತಾಂತದಿಂದ ತಿಳಿಯಬಹುದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1932ರಲ್ಲಿ ಜನಿಸಿ 1954ರಲ್ಲಿ ವಾಯುಸೇನೆಯ ಅಧಿಕಾರಿಯಾದರು. 1965ರ ಯುದ್ಧದ ಹೊತ್ತಿಗೆ ಅವರು ವಿಮಾನ ನಡೆಸುವುದನ್ನು ಕಲಿಸುವ ಶಿಕ್ಷಕರಾಗಿದ್ದವರು; ಯುದ್ಧಕ್ಕಾಗಿ ಒಂದನೆಯ ಸ್ಕ್ವಾಡ್ರನ್ನಿಗೆ ಸೇರಿಕೊಂಡರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಆ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನಾಯಕತ್ವದಲ್ಲಿ ಆದಂಪುರದಿಂದ ಹೊರಟು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ದಾಳಿ ನಡೆಸಿದವು. ಹೋಗಬೇಕಾಗಿದ್ದವು ಹನ್ನೆರಡು ವಿಮಾನಗಳು. ದೇವಯ್ಯನವರು ಆ ಹನ್ನೆರಡರಲ್ಲಿ ಒಬ್ಬರಾಗಿರಲಿಲ್ಲ. ಯಾರಾದರೂ ಹಿಂದೆಗೆದರೆ ಆ ಸ್ಥಾನವನ್ನು ತುಂಬಲು ಸಿದ್ಧವಾಗಿರಬೇಕಾದ ಮೀಸಲಿನವರಾಗಿದ್ದರು. ಅವರು ದಾಳಿಯಲ್ಲಿ ಸೇರಿಕೊಂಡರು, ಹಿಂದಿರುಗಲಿಲ್ಲ. ಜೊತೆಯವರಿಂದ ಬೇರ್ಪಟ್ಟಿದ್ದ ಅವರನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ನಡೆಸುತ್ತಿದ್ದ ಸ್ಟಾರ್‌ಫೈಟರ್ ವಿಮಾನವು ಎದುರಿಸಿತು. ಸ್ಟಾರ್‌ಫೈಟರ್ ಧ್ವನಿಯ ಇಮ್ಮಡಿ ವೇಗವುಳ್ಳದ್ದು. ಮಿಸ್ಟೇರ್ ಅದರ ಮುಂದೆ ಹಳೆಯ ಕಾಲದ್ದೆಂದೇ ಹೇಳಬೇಕು. ಆದರೂ ಏಟು ತಿಂದ ಮೇಲೆಯೂ ದೇವಯ್ಯನವರು ತಿರುಗಿ ನಿಂತು ಹೋರಾಡಿದರು. ಸ್ಟಾರ್‌ಫೈಟರ್ ನೆಲಕ್ಕುರುಳಿತು, ಅಮ್ಜದ್ ಹುಸೇನ್ ಧುಮುಕಿ ಬದುಕಿದನು. ದೇವಯ್ಯನವರು ಮಡಿದರು.

ಇಷ್ಟೆಲ್ಲವನ್ನೂ ನಾವಿಂದು ನಿರಾಯಾಸವಾಗಿ ಬರೆಯಬಲ್ಲೆವು. ಅಂದು ಅವರ ಪಕ್ಷದವರಲ್ಲಿ ಒಬ್ಬರೂ ಇದನ್ನು ಕಂಡಿರಲಿಲ್ಲ. ಹೊರಟವರಲ್ಲಿ ಒಬ್ಬರು ಮರಳಲಿಲ್ಲವೆಂಬಷ್ಟೇ ಅವರ ತಿಳಿವಳಿಕೆ. ಆಂಗ್ಲ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಪಕ್ಷದ ಮಾಹಿತಿಯನ್ನು ಆಧರಿಸಿ ಬರೆದ ಗ್ರಂಥವು 1979ರಲ್ಲಿ ಪ್ರಕಟವಾದಾಗ ಈ ಕಾಳಗದ ವಿವರವು ಹೊರಬಿದ್ದಿತು. ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರವು ಸಂದುದು 1988ರಲ್ಲಿ, ಅಂದರೆ ಕಾಳಗ ನಡೆದ 23 ವರ್ಷಗಳ ಮೇಲೆ. ಒಬ್ಬ ವೀರನ ಕೃತ್ಯಕ್ಕೆ ಸಾಕ್ಷಿಯಾಗಿ ಉಳಿದವನು ಅವನ ಶತ್ರು ಮಾತ್ರ. ಆ ಶತ್ರು ಬದುಕದಿದ್ದರೆ ಈ ವೃತ್ತಾಂತವೇ ಇರುತ್ತಿರಲಿಲ್ಲ.

2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರವು ಈ ದಾಳಿಯನ್ನೇ ಆಧರಿಸಿರುವುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಈ ಕಥೆ ಗೊತ್ತಿದೆ. ಆದರೆ ಅವರಿಗೆ ಗೊತ್ತಿರುವುದು ಕಾಳಗದ ದೃಶ್ಯ. ಆ ದೃಶ್ಯವನ್ನು ಯಾರೂ ನೋಡಿರಲಿಲ್ಲವೆಂಬ ಸಂಗತಿಯು ಅವರ ಮನಸ್ಸಿಗೆ ನಾಟಿದಂತಿಲ್ಲ. ಚಿತ್ರಮಂದಿರದಲ್ಲಿ ಕುಳಿತವನು ಎರಡೂ ವಿಮಾನಗಳ ಒಳಗನ್ನೂ ನೋಡುತ್ತಾನೆ. ನೋಡಿದ ಮೇಲೆ, 23 ವರ್ಷಗಳ ವಿಳಂಬವು ಅವನಿಗೆ ಕೇವಲ ಅಧಿಕಾರಿಗಳ ಅಲಕ್ಷ್ಯವಾಗಿ ತೋರುತ್ತದೆ. ತರಗತಿಯಲ್ಲಿ ಈ ಮಾತನ್ನು ಎಷ್ಟು ವಿವರಿಸಿದರೂ ಫಲವಾಗಲಿಲ್ಲ. ಆಗ ಸಿಮ್ಯುಲೇಟರನ್ನು ಬಲ್ಲ ನಾಲ್ವರು ವಿದ್ಯಾರ್ಥಿಗಳನ್ನು ಕರೆದು, ಸರಗೋಧಾ ದಾಳಿಯ ಮಾದರಿಯಲ್ಲಿ ಒಂದು ಕಾರ್ಯಾಚರಣೆಯನ್ನು ನಡೆಸಿ ನೋಡೋಣವೆಂದು ಹೇಳಲಾಯಿತು.

ಒಬ್ಬನು ರಾಯಚೂರು ನಗರದವನು, ಇಬ್ಬರು ಮಾನ್ವಿಯವರು, ಒಬ್ಬನು ದೇವದುರ್ಗದವನು. ರಜೆಯ ದಿನಗಳಾಗಿದ್ದುದರಿಂದ ಎಲ್ಲರೂ ತಮ್ಮ ತಮ್ಮ ಊರುಗಳಲ್ಲಿದ್ದರು. ಅಂತರ್ಜಾಲದ ಮೂಲಕವೇ ಸೇರಬೇಕಾಗಿದ್ದಿತು. ಡಿಸಿಎಸ್‌ನಲ್ಲಿ ಹಣ ಕೊಡದೆ ದೊರೆಯುವವುಗಳಲ್ಲಿ ಕಾಕಸಸ್ ಪ್ರದೇಶದ ನಕ್ಷೆಯೂ ರಷ್ಯದ ಸು-25ಟಿ ಎಂಬ ದಾಳಿವಿಮಾನವೂ ಸೇರಿವೆ. ಹೀಗಾಗಿ ಪಂಜಾಬದ ಬಯಲಿಗೆ ಬದಲು ಜಾರ್ಜಿಯ ದೇಶದ ಗುಡ್ಡಗಳೂ, ಮಿಸ್ಟೇರಿಗೆ ಬದಲು ಸು-25ಟಿಯೂ ಆದವು. ಎದುರಾಳಿಯಾಗಿ ಯಂತ್ರವೇ ನಡೆಸುವ ಒಂದು ಎಫ್-5 ವಿಮಾನವನ್ನು ದಾರಿಯಲ್ಲಿಡಲಾಯಿತು. ಅದು ಎಲ್ಲಿದೆಯೆಂದು ಹಾರುವವರಿಗೆ ತಿಳಿಸಲಿಲ್ಲ. ಮೊದಲ ತಿರುವಿಗೆ ವಿದ್ಯಾರ್ಥಿಗಳು ಮಾನ್ವಿ ಎಂದೂ ಎರಡನೆಯದಕ್ಕೆ ದೇವದುರ್ಗ ಎಂದೂ ಹೆಸರಿಟ್ಟುಕೊಂಡರು. ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಹಾರುವವನಿಗೆ 50 ಕಿಲೋಮೀಟರ್ ದಾರಿ ಐದೇ ನಿಮಿಷದ್ದು. ಬಸ್ಸಿನಲ್ಲಿ ಗಂಟೆಗೂ ಮಿಕ್ಕಿ ಕುಳಿತು ಕಾಲೇಜಿಗೆ ಬರುವ ಹುಡುಗರಿಗೆ ಈ ಲೆಕ್ಕ ಬಹಳ ಹಿಡಿಸಿತು. ನಕ್ಷೆಯಲ್ಲಿ ಬರಿಯ ನೆಲ ಕಾಣುವಂತೆ ಮಾಡಲಾಯಿತು, ಚೀಟಿಗಳನ್ನು ತೆಗೆಯಲಾಯಿತು, ಗುರಿಯನ್ನು ತಲುಪುವವರೆಗೆ ಮಾತಾಡಬಾರದೆಂದು ಗೊತ್ತಾಯಿತು. ದೇವದುರ್ಗದವನು ಮೀಸಲಿನವನು, ಎರಡು ನಿಮಿಷ ತಡವಾಗಿ ಹೊರಟು ಗುಂಪನ್ನು ಸೇರಿಕೊಳ್ಳಬೇಕು. ಹಾರಾಟ ಮುಗಿದೊಡನೆ, ದಾಖಲೆಯನ್ನು ತೆರೆಯುವ ಮುನ್ನ, ಪ್ರತಿಯೊಬ್ಬನೂ ತಾನು ಕಂಡುದನ್ನು ಒಂದು ಹಾಳೆಯಲ್ಲಿ ಬರೆಯತಕ್ಕದ್ದೆಂಬುದೇ ಈ ಪ್ರಯೋಗದ ಮುಖ್ಯ ನಿಯಮ. ಲೇಖಕನು ರಾಯಚೂರಿನಲ್ಲಿ ನಾಯಕನ ಪಕ್ಕದಲ್ಲಿ ಕುಳಿತಿದ್ದನು.

ಮೂವರು ಮರಳಿದರು, ದೇವದುರ್ಗದವನು ಮರಳಲಿಲ್ಲ. ನಾಯಕನು ಬರೆದುದು: ನಾಲ್ಕನೆಯವನು ಗುಡ್ಡಕ್ಕೆ ಬಡಿದಿರಬೇಕು, ಹಿಂದೆ ಹೊಗೆ ಕಂಡಿತು. ಮಾನ್ವಿಯ ಒಬ್ಬನು ಬರೆದುದು: ಶತ್ರುವು ಅವನನ್ನು ಹೊಡೆದನು. ಮಾನ್ವಿಯ ಮತ್ತೊಬ್ಬನು ಬರೆದುದು: ಅವನು ಕೊನೆಯ ತನಕ ನನ್ನ ಬೆನ್ನ ಹಿಂದೆಯೇ ಇದ್ದನು. ಈ ಕೊನೆಯವನನ್ನು ದೂರವಾಣಿಯಲ್ಲಿ ವಿಚಾರಿಸಿದಾಗ, “ಹಿಂದ ನೋಡಿಲ್ರಿ ಸರ್, ಇರ್ತಾನ ಅಂತ ತಿಳ್ಕೊಂಡಿದ್ದೆ” ಎಂದನು. ಇರುತ್ತಾನೆಂದು ತಿಳಿದುದು ಬರೆಯುವಾಗ ‘ಇದ್ದನು’ ಎಂದಾಗಿಬಿಟ್ಟಿದ್ದಿತು. ಸಾಕ್ಷ್ಯವು ಹೇಗೆ ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ಈ ಲೇಖಕನು ತರಗತಿಯಲ್ಲಿ ಎಂದೂ ಕೊಟ್ಟಿಲ್ಲ.

ಬಳಿಕ ದಾಖಲೆಯನ್ನು ತೆರೆದೆವು. ಇದಕ್ಕಾಗಿ ಆಟಗಾರರು ಟ್ಯಾಕ್‌ವ್ಯೂ ಎಂಬ ಸಾಧನವನ್ನು ಬಳಸುತ್ತಾರೆ. ಪ್ರತಿಯೊಂದು ವಿಮಾನದ ಸ್ಥಾನ, ಎತ್ತರ, ವೇಗಗಳನ್ನೂ ಹಾರಿದ ಅಸ್ತ್ರಗಳನ್ನೂ ಅದು ಬರೆದಿಟ್ಟು, ಬೇಕಾದ ದಿಕ್ಕಿನಿಂದ ಮರಳಿ ತೋರಿಸುತ್ತದೆ. ಅದರಲ್ಲಿ ಕಂಡುಬಂದುದಿಷ್ಟು: ದೇವದುರ್ಗದವನು ಎರಡನೆಯ ತಿರುವಿನ ಬಳಿ ಗುಂಪನ್ನು ಬಿಟ್ಟು, ಎಫ್-5 ವಿಮಾನದ ಕಡೆಗೆ ನೇರವಾಗಿ ತಿರುಗಿದ್ದಾನೆ; ಸ್ವಲ್ಪ ಹೊತ್ತು ಅದಕ್ಕೆದುರಾಗಿ ಹಾರಿದ್ದಾನೆ; ಅನಂತರ ಇಬ್ಬರಲ್ಲಿ ಯಾರೂ ಗುಂಡು ಹಾರಿಸದಿರುವಾಗಲೇ ಅವನ ವಿಮಾನವು ಆಕಾಶದಿಂದ ಮಾಯವಾಗಿದೆ. ಗುಡ್ಡವೂ ಇಲ್ಲ, ಏಟೂ ಇಲ್ಲ. ಮೂವರೂ ಬೆರಗಾದರು. ಅವನು ಒಬ್ಬಂಟಿಯಾಗಿ ಶತ್ರುವಿಗೆ ಎದುರು ನಿಂತನೆಂದು ನಾಯಕನು ಮೆಚ್ಚಿ ನುಡಿದನು. ನಮಗೂ ಹಾಗೆಯೇ ತೋರಿತು. ಅರ್ಧ ಗಂಟೆಯ ಮೇಲೆ ದೇವದುರ್ಗದಿಂದ ದೂರವಾಣಿ ಬಂದಿತು: “ಕರೆಂಟ್ ಹೋತ್ರಿ ಸರ್.” ತಿರುಗಿದುದೇಕೆಂದು ಕೇಳಿದರೆ, ದೂರದಲ್ಲಿ ಕಂಡ ಚುಕ್ಕೆಯನ್ನು ತನ್ನವರೆಂದೇ ಬಗೆದು ಸೇರಿಕೊಳ್ಳಲು ಹೋದೆನೆಂದನು.

ಎಲ್ಲವನ್ನೂ ಕಂಡಿದ್ದ ದಾಖಲೆಗೆ ಈ ಎರಡು ಸಂಗತಿಗಳೂ ಕಂಡಿರಲಿಲ್ಲ. ವಿಮಾನವು ಮಾಯವಾದ ಕಾರಣವು ಆಟದ ಆಕಾಶದ ಹೊರಗೆ, ದೇವದುರ್ಗದ ಒಂದು ಮನೆಯಲ್ಲಿದ್ದಿತು. ತಿರುಗಿದ ಕಾರಣವು ಆ ಹುಡುಗನ ಮನಸ್ಸಿನಲ್ಲಿದ್ದಿತು. ದಾಖಲೆಯು ಚಲನೆಯನ್ನು ಹೇಳಿತು, ಉದ್ದೇಶವನ್ನು ನಾವು ಸೇರಿಸಿದೆವು. ಟ್ಯಾಕ್‌ವ್ಯೂವನ್ನು ಮೊದಲೇ ತೆರೆದಿದ್ದರೆ ಮೂರು ಹಾಳೆಗಳೂ ಒಂದೇ ಕಥೆಯನ್ನು ಹೇಳುತ್ತಿದ್ದವೆಂಬುದರಲ್ಲಿ, ಆ ಕಥೆಯು ತಪ್ಪಾಗಿರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಈ ಸಾಧನವನ್ನು ಸಾಮೂಹಿಕ ಕಾರ್ಯಾಚರಣೆಯ ಅಂತಿಮ ತೀರ್ಪುಗಾರನೆಂದು ಆಟಗಾರರು ಎಣಿಸುವುದು ನಮ್ಮ ದೃಷ್ಟಿಯಲ್ಲಿ ಈ ಹವ್ಯಾಸದ ದೊಡ್ಡ ದೋಷ. ದೇವಯ್ಯನವರ ವಿಷಯದಲ್ಲಿ ಇಂಥ ಭ್ರಾಂತಿಗೆ ಎಡೆಯಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು: ಅಲ್ಲಿ ಎದುರಾಳಿಯ ವಿಮಾನವು ಉರುಳಿದೆ, ಅದನ್ನು ನಡೆಸುತ್ತಿದ್ದವನು ಬದುಕಿ ಮಾತಾಡಿದ್ದಾನೆ.

ನಮ್ಮ ಪ್ರಯೋಗದ ಕೊರತೆಯೂ ಇದರಿಂದಲೇ ತಿಳಿದುಬಂದಿತು. ನಮ್ಮ ಎಫ್-5ಕ್ಕೆ ಬರೆಯಲು ಕೈಯಿರಲಿಲ್ಲ. ಯಂತ್ರವು ನಡೆಸುವ ಎದುರಾಳಿಯು ಎಷ್ಟೇ ಚತುರನಾಗಿದ್ದರೂ ಅವನಿಗೆ ನೆನಪಿಲ್ಲ. ಸಾಮೂಹಿಕ ಕಾರ್ಯಾಚರಣೆಗಳಲ್ಲಿ ಬಹುಪಾಲು ಹೀಗೆ ಯಂತ್ರದ ಶತ್ರುವಿನ ಎದುರಿಗೇ ನಡೆಯುತ್ತವೆ. ಅದು ಅನುಕೂಲ, ಏಕೆಂದರೆ ಯಾರೂ ಸೋಲಲು ಬರಬೇಕಾಗಿಲ್ಲ. ಆದರೆ ಹೀಗೆ ಮಾಡಿದಾಗ ಯುದ್ಧದ ವೃತ್ತಾಂತದಲ್ಲಿ ಅರ್ಧವು ಹುಟ್ಟುವ ಮೊದಲೇ ಇಲ್ಲವಾಗುತ್ತದೆ. ಸರಗೋಧಾದ ಮೇಲೆ ನಡೆದುದನ್ನು ನಮಗೆ ತಿಳಿಸಿದ್ದು ಈ ಅರ್ಧವೇ ಅಲ್ಲವೇ?

ಆದ ಕಾರಣ ಹದಿನೈದು ದಿನಗಳ ಮೇಲೆ ಎರಡನೆಯ ಬಾರಿ ಹಾರಿಸಿದಾಗ, ಎಫ್-5 ವಿಮಾನವನ್ನು ಹಣ ಕೊಟ್ಟು ಪಡೆದಿದ್ದ ರಾಯಚೂರಿನ ಇನ್ನೊಬ್ಬ ವಿದ್ಯಾರ್ಥಿಯನ್ನು ಎದುರಾಳಿಯಾಗಿ ಕೂರಿಸಲಾಯಿತು. ಈ ಸಲ ದೇವದುರ್ಗದಲ್ಲಿ ವಿದ್ಯುತ್ತು ನಿಲ್ಲಲಿಲ್ಲ. ಗುಂಪಿನ ಮೂವರ ಹಾಳೆಗಳಲ್ಲಿ ಶತ್ರುವಿನ ಪ್ರಸ್ತಾಪವೇ ಇಲ್ಲ. ಅವರು ಅವನನ್ನು ಕಾಣಲಿಲ್ಲ. ದೇವದುರ್ಗದವನು, ತಾನು ಎದುರಿನಿಂದ ಒಮ್ಮೆ ಗುಂಡು ಹಾರಿಸಿದೆನೆಂದೂ ಅದು ತಪ್ಪಿತೆಂದೂ ಬಳಿಕ ತಾನೇ ಏಟು ತಿಂದು ಬಿದ್ದೆನೆಂದೂ ಬರೆದನು. ಎದುರಾಳಿಯ ಹಾಳೆಯಲ್ಲಿದ್ದುದು ಬೇರೆ: ಆ ಒಂದು ಗುಂಡಿನ ಸರಣಿಯು ಎಂಜಿನನ್ನು ತಾಕಿತ್ತು, ಇವನನ್ನು ಹೊಡೆದುರುಳಿಸಿದ ಮೇಲೆ ಬೆಂಕಿ ಹತ್ತಿ, ಗುಡ್ಡದಾಚೆ ಅವನೂ ಧುಮುಕಬೇಕಾಯಿತು. ತಾನು ಶತ್ರುವನ್ನು ಬೀಳಿಸಿದ ಸಂಗತಿಯು ಬೀಳಿಸಿದವನಿಗೇ ತಿಳಿದಿರಲಿಲ್ಲ. ಇದೇ ಎದುರಾಳಿಯು ತನ್ನನ್ನು ಎರಡು ವಿಮಾನಗಳು ಅಟ್ಟಿದವೆಂದೂ ಬರೆದಿದ್ದನು. ದಾಖಲೆಯಲ್ಲಿ ಅಟ್ಟಿದುದು ಒಂದೇ, ಎರಡು ಸಲ. ಶತ್ರುವಿನ ಸಾಕ್ಷ್ಯವು ಅನಿವಾರ್ಯವೆಂದಮಾತ್ರಕ್ಕೆ ನಿರ್ದುಷ್ಟವೆಂದು ಅರ್ಥವಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಸಾವಿಲ್ಲದ ಯುದ್ಧದಿಂದ ಸಾವಿನ ಯುದ್ಧವನ್ನು ತಿಳಿಯುವುದು ಹೇಗೆಂದು ವಿಭಾಗದ ಹಿರಿಯರೊಬ್ಬರು ಕೇಳಿದರು. ಈ ಆಕ್ಷೇಪವು ಯುಕ್ತವಾದುದೆಂದು ಒಪ್ಪುತ್ತೇವೆ. ಬಿದ್ದ ಹುಡುಗನು ಅಡುಗೆಮನೆಗೆ ಹೋಗಿ ಚಹಾ ಕುಡಿದು ಬಂದನು. ಏಟು ತಿಂದ ವಿಮಾನದಲ್ಲಿ, ಓಡಲು ವೇಗವಿಲ್ಲದೆ, ತಿರುಗಿ ನಿಲ್ಲುವ ನಿಶ್ಚಯವು ಎಂಥದೆಂಬುದನ್ನು ಈ ಆಟವು ತಿಳಿಸಲಾರದು. ತಿಳಿಸುತ್ತೇನೆಂದು ಹೇಳಿಕೊಂಡರೆ ಅದು ಸುಳ್ಳು, ಅಷ್ಟೇ ಅಲ್ಲ, ಅವಿನಯ. ನಾವು ಬಯಸುವುದು ಧೈರ್ಯದ ಅನುಕರಣೆಯನ್ನಲ್ಲ, ಅಜ್ಞಾನದ ಅನುಕರಣೆಯನ್ನು. ಜೊತೆಯವರು ಏಕೆ ಕಾಣಲಿಲ್ಲವೆಂಬುದನ್ನು ಈ ಆಟವು ಚೆನ್ನಾಗಿ ತೋರಿಸಬಲ್ಲುದು.

ಮತ್ತೊಬ್ಬ ಮಿತ್ರರು ಇದಕ್ಕೆ ನೇರ ವಿರುದ್ಧವಾದ ಉತ್ಸಾಹದಿಂದ, 1520ರ ರಾಯಚೂರು ಯುದ್ಧವನ್ನೇ ಕಂಪ್ಯೂಟರಿನಲ್ಲಿ ‘ಮರುಸೃಷ್ಟಿ’ ಮಾಡಿಸಬಾರದೇಕೆ ಎಂದರು. ಈ ಸಲಹೆಯನ್ನು ನಾವು ಒಪ್ಪಲಾರೆವು. ಆ ಯುದ್ಧಕ್ಕೆ ನಮಗಿರುವ ವಿಸ್ತಾರವಾದ ವೃತ್ತಾಂತವು ಪೋರ್ತುಗೀಸ್ ವರ್ತಕ ನ್ಯೂನಿಜನದು. ಯುದ್ಧ ನಡೆದು ಸುಮಾರು ಹದಿನೈದು ವರ್ಷಗಳ ಮೇಲೆ ಬರೆದುದು. ಅವನ ಲೆಕ್ಕವನ್ನು ಕೂಡಿದರೆ ಕೃಷ್ಣದೇವರಾಯನ ಸೈನ್ಯದಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆಗಳಾಗುತ್ತವೆ. ಬಿಜಾಪುರದ ಆಶ್ರಯದಲ್ಲಿ ಬರೆದ ಫೆರಿಷ್ತಾ ಎಂಬಾತನಾದರೋ ಇಸ್ಮಾಯಿಲ್ ಆದಿಲ್ ಶಹನು ಮದ್ಯದ ಅಮಲಿನಲ್ಲಿ ಕೃಷ್ಣೆಯನ್ನು ದಾಟಿ ಸೋತನೆಂದು ಹೇಳುತ್ತಾನೆ. ನ್ಯೂನಿಜನು ಕಣ್ಣಾರೆ ಕಂಡವರ ಮಾತನ್ನು ಕೇಳಿ ಬರೆದಿರಬಹುದು. ಆದರೆ ಎಂಜಿನು, ಇಂಧನ, ವೇಗಗಳ ಲೆಕ್ಕವಿರುವ 1965ರ ವಿಮಾನದಂತೆ 1520ರ ಸೈನಿಕನ ಅಳತೆಯು ನಮ್ಮಲ್ಲಿಲ್ಲ. ಏಳು ಲಕ್ಷ ಕಾಲಾಳುಗಳನ್ನು ಪರದೆಯ ಮೇಲೆ ಓಡಿಸಿದೊಡನೆ ನ್ಯೂನಿಜನ ಸಂಖ್ಯೆಯು ಕಣ್ಣಿಗೆ ಕಂಡ ಸತ್ಯವಾಗಿಬಿಡುತ್ತದೆ. ನಮ್ಮ ಕೋಟೆಯ ಗೋಡೆಯಲ್ಲಿಯೇ ಇದಕ್ಕಿಂತ ವಿನಯಶೀಲವಾದ ಒಂದು ಚಿತ್ರವಿದೆ. ಗೋರೆ ಗನ್ನಯ ರೆಡ್ಡಿಯು ಕೋಟೆಯನ್ನು ಕಟ್ಟಿಸಿದುದನ್ನು ಹೇಳುವ 1294ರ ಶಾಸನವು 41 ಅಡಿಗೂ ಮೀರಿದ ಉದ್ದದ ಕಲ್ಲಿನ ಮೇಲಿದೆ. ಆ ಕಲ್ಲನ್ನು ಬಂಡಿಯಲ್ಲಿಟ್ಟು ಪಶುಗಳ ಸಾಲಿನಿಂದ ಎಳೆಸಿ ತಂದ ಬಗೆಯನ್ನು ಅಲ್ಲಿಯೇ ಗೆರೆಗಳಲ್ಲಿ ಕೊರೆದಿದ್ದಾರೆ. ಅದೂ ಒಂದು ಸಾಮೂಹಿಕ ಕಾರ್ಯದ ದಾಖಲೆಯೇ. ತಾನು ಕಂಡುದಕ್ಕಿಂತ ಹೆಚ್ಚನ್ನು ಅದು ಹೇಳುವುದಿಲ್ಲ. ಬಸ್ ನಿಲ್ದಾಣಕ್ಕೆ ಹೋಗುವ ವಿದ್ಯಾರ್ಥಿಗಳು ದಿನವೂ ಅದರ ಸಮೀಪದಲ್ಲಿಯೇ ನಡೆದುಹೋಗುತ್ತಾರೆ.

ಎರಡು ಹಾರಾಟಗಳ ಹಾಳೆಗಳನ್ನು ವಿಭಾಗದಲ್ಲಿ ತೆಗೆದಿರಿಸಲಾಗಿದೆ. ಟ್ಯಾಕ್‌ವ್ಯೂ ದಾಖಲೆಗಳನ್ನು ಬೇರೆಯಾಗಿಯೇ ಇಟ್ಟಿದ್ದೇವೆ; ಈ ವರ್ಷ ಸೇರಿದ ಎಂ.ಎ. ವಿದ್ಯಾರ್ಥಿಗಳಿಗೆ ಮೊದಲು ಹಾಳೆಗಳನ್ನು ಮಾತ್ರ ಕೊಟ್ಟು, ಕಾಳಗದ ವೃತ್ತಾಂತವನ್ನು ಬರೆಯಲು ಹೇಳಲಾಗಿದೆ. ಅವರಲ್ಲಿ ಇಬ್ಬರು, ದೇವದುರ್ಗದವನು ತನ್ನ ಗುಂಡು ತಪ್ಪಿತೆಂದು ತಾನೇ ಬರೆದಿರುವಾಗ ಎದುರಾಳಿಯ ಮಾತನ್ನು ನಂಬಬಾರದೆಂದು ವಾದಿಸುತ್ತಿದ್ದಾರೆ. ಅವರಿಗೆ ದಾಖಲೆಯನ್ನು ಇನ್ನೂ ತೋರಿಸಿಲ್ಲ.